ನೆಗೆಣ್ಣಿಯ ಕುದುರೆ

ನನ್ನ ನೆಗೆಣ್ಣಿ ಹುಲಿಗೆವ್ವನಿಗೆ ಕುದುರೆ ಒಲಿದ ದಿನ ನಾನು ಉಣ್ಣಲಿಲ್ಲ. ಹಸಿವಿರಲಿಲ್ಲ ಎಂದಲ್ಲ. ಆ ದಿನದ ರೊಟ್ಟಿ ಬಡಿದವಳು ಅವಳು, ಮತ್ತು ಅವಳ ರೊಟ್ಟಿಯ ದುಂಡು ನೋಡಿದರೆ ನನಗೆ ಮೊದಲಿನಿಂದಲೂ ಆಗದು. ನಾನು ಬಡಿದ ರೊಟ್ಟಿಗೆ ಮೂಲೆಗಳಿರುತ್ತವೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಅಂಗಳಕ್ಕೆ ಬಂದವರು ನಾವಿಬ್ಬರು. ನಾನು ದೊಡ್ಡವನ ಹೆಂಡತಿ, ಅವಳು ಸಣ್ಣವನ ಹೆಂಡತಿ. ಅವಳು ದಿಂಬಿಗೆ ತಲೆ ಇಟ್ಟ ಕೂಡಲೇ ನಿದ್ದೆ ಹೋಗುತ್ತಾಳೆ, ನಾನು ಜಂತಿ ನೋಡುತ್ತ ಬಿದ್ದಿರುತ್ತೇನೆ. ಅತ್ತೆ ತಿಪ್ಪವ್ವ ಅವಳನ್ನು 'ಹುಲಿಗಿ' ಎಂದು ಕರೆಯುತ್ತಾಳೆ, ನನ್ನನ್ನು 'ಓದಿದಾಕಿ' ಎಂದು. ಇಷ್ಟನ್ನೂ ಹೇಗೋ ನುಂಗಿಕೊಂಡು ಬಂದಿದ್ದೆ. ಕುದುರೆಯನ್ನು ನುಂಗಲಾಗಲಿಲ್ಲ.

ಕುದುರೆ ಯಾಕೆ ಬೇಕಾಯಿತೆಂದರೆ, ನಮ್ಮೂರಿನ ಚಾವಡಿ ಬಯಲಿನಲ್ಲಿ ನೆಲಕ್ಕೆ ಕಾಲೂರಿದವರ ದನಿ ಯಾರಿಗೂ ಕೇಳಿಸುವುದಿಲ್ಲ. ಕುದುರೆಯ ಮೇಲಿದ್ದವರದು ಮಾತ್ರ ಕೇಳಿಸುತ್ತದೆ. ಬಯಲಿನ ಅಂಚಿಗಿರುವ ಕಲ್ಲುಸಾಲು ದಾಟಿದರೆ ಬಾಯಿ ಆಡುತ್ತದೆ, ದನಿ ಇರುವುದಿಲ್ಲ. ಎತ್ತಿನ ಮೇಲೆ ಕೂತು ನೋಡಿದ್ದಾರೆ, ಕತ್ತೆಯ ಮೇಲೆ ಕೂತು ನೋಡಿದ್ದಾರೆ. ನನ್ನ ಮಾವ ಒಮ್ಮೆ ಅಲ್ಲಿಯ ಬೇವಿನ ಮರ ಹತ್ತಿ ಗಂಟಲು ಹರಿಯುವಂತೆ ಕೂಗಿ ಇಳಿದಿದ್ದನಂತೆ. ಪಕ್ಕದ ಟೊಂಗೆಯ ಕಾಗೆ ಕೂಡ ಹಾರಲಿಲ್ಲವಂತೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದರಲ್ಲಿ ಸೋಜಿಗವೇನಿಲ್ಲ. ಸಂತೆಯ ದಿನ ಬದನೆಕಾಯಿ ಮಾರುವವರು ಬೆರಳಲ್ಲೇ ಚೌಕಾಶಿ ಮುಗಿಸುತ್ತಾರೆ. ಹಟ ಹಿಡಿದು ಅಳುವ ಕೂಸನ್ನು ತಾಯಂದಿರು ಬಯಲಿಗೆ ಎತ್ತಿಕೊಂಡು ಹೋಗಿ ಒಂದಿಷ್ಟು ಹೊತ್ತು ಸುಖವಾಗಿ ಕೂತು ಬರುತ್ತಾರೆ. ಹೊಸ ಸೊಸೆಯರಿಗೆ ನಮ್ಮ ಓಣಿಯ ಹೆಂಗಸರು ಮೊದಲು ತೋರಿಸುವ ಜಾಗವೇ ಅದು. ಅತ್ತೆಯನ್ನು ಬೈಯಬೇಕೆನಿಸಿದರೆ ಅಲ್ಲಿಗೆ ಕರೆದುಕೊಂಡು ಹೋಗಿ ಎದುರಿಗೇ ನಿಂತು ಬೈಯಬಹುದು. ಅತ್ತೆಗೆ ತುಟಿ ಓದಲು ಬರುತ್ತಿದ್ದರೆ ಮಾತ್ರ ಕಷ್ಟ. ನನ್ನ ಅತ್ತೆಗೆ ಬರುತ್ತದೆ.

ಕುದುರೆಗಳಿದ್ದದ್ದು ಮೇಲೋಣಿಯವರಲ್ಲಿ. ಕೆಳಗೇರಿಯ ನಾವು ಅವರ ಕುದುರೆಗೆ ಹುಲ್ಲು ಕೊಯ್ದೆವು, ಜೀನು ಹೊಲಿದೆವು, ಲದ್ದಿ ಬಾಚಿದೆವು, ಮೇಲೆ ಹತ್ತಲಿಲ್ಲ. ಹತ್ತಬಾರದೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯವೇ ಬೀಳದ ಕಾನೂನಿನಷ್ಟು ಗಟ್ಟಿ ಕಾನೂನು ಬೇರೆ ಇಲ್ಲ. ಕುದುರೆ ಬಂದರೆ ಕೂತವರು ಎದ್ದು ಗೋಡೆಗೊರಗಿ ಹಾದಿ ಬಿಡಬೇಕು. ಬಸುರಿಯಾದರೂ ಬಿಡಬೇಕು, ಮುಪ್ಪಿನವರಾದರೂ ಬಿಡಬೇಕು. ಊರಿನ ಸಭೆ ಕೂಡುವುದು ಅದೇ ಬಯಲಿನಲ್ಲಿ. ಯಾವ ವಿಷಯವನ್ನೇ ಆಗಲಿ ಮೂರು ಸಭೆಗಳಲ್ಲಿ ಕೇಳುತ್ತಾರೆ. ಮೂರರಲ್ಲೂ ತಕರಾರು ಬರದಿದ್ದರೆ ಊರು ಒಪ್ಪಿದ ಹಾಗೆ. ಈ ಸಲ ಬಂದ ವಿಷಯ ಹಳ್ಳದ ದಂಡೆಯ ನಮ್ಮ ಸುಡುಗಾಡು. ಅಲ್ಲಿಯ ಮಣ್ಣು ಮೆತ್ತಗಿದೆ, ಎಳೆಯ ಕುದುರೆಗಳನ್ನು ಓಡಿಸಿ ಪಳಗಿಸಲು ತಕ್ಕ ಜಾಗ ಎಂದು ಮೇಲೋಣಿಯ ಧಣಿ, ಸಭೆ ನಡೆಸುವ ಇನಾಮದಾರರಿಗೆ ಅನ್ನಿಸಿತ್ತು. ಮಣ್ಣು ಯಾಕೆ ಮೆತ್ತಗಾಯಿತೆಂದು ಅವರು ಯೋಚಿಸಿರಲಾರರು. ತಲೆಮಾರುಗಳಿಂದ ಅಗೆಯುತ್ತ ಬಂದವರು ನಾವಲ್ಲವೇ.

ಎರಡು ಸಭೆಗಳು ಮುಗಿದಿದ್ದವು. ಎರಡರಲ್ಲೂ ಇನಾಮದಾರರು ತಮ್ಮ ಕರಿಯ ಕುದುರೆಯ ಮೇಲಿಂದ "ಯಾರದರ ತಕರಾರು ಐತೇನು?" ಎಂದು ಕೇಳಿದರು. ಇಡೀ ಕೆಳಗೇರಿ ಒಂದೇ ಬಾಯಾಗಿ ಕೂಗಿತು. ಕೊರಳ ನರಗಳು ಉಬ್ಬಿದ್ದು ದೂರದಿಂದಲೂ ಕಾಣುತ್ತಿತ್ತು. ಇನಾಮದಾರರು ಕಿವಿಯ ಹಿಂದೆ ಕೈ ಹಿಡಿದು ಆಲಿಸಿದರು. ನಮ್ಮ ಸಲುವಾಗಿ ಅಷ್ಟು ತೊಂದರೆ ತೆಗೆದುಕೊಂಡರು. ಆಮೇಲೆ "ಯಾರದೂ ಇಲ್ಲ" ಎಂದರು. ಮೂರನೆಯ ಸಭೆ ಕಾರಹುಣ್ಣಿಮೆಯ ಮರುದಿನಕ್ಕೆ ಗೊತ್ತಾಯಿತು.

ಕುದುರೆಯ ಮಾತು ಮೊದಲು ಎತ್ತಿದವಳು ನಾನು. ದರ್ಜಿ ಯಂಕೋಬನ ಅಂಗಡಿಯ ಹಿಂದೆ ವಾರಕ್ಕೊಮ್ಮೆ ನಮ್ಮ ಓದಿನ ಬಳಗ ಕೂಡುತ್ತದೆ. ಒಬ್ಬರು ಓದುವುದು, ಉಳಿದವರು ಅದರ ಮೇಲೆ ಜಗಳಾಡುವುದು, ಇದು ನಮ್ಮ ಪದ್ಧತಿ. ಓದುವವಳು ಹೆಚ್ಚಾಗಿ ನಾನೇ, ಜಗಳಾಡುವವಳೂ ಹೆಚ್ಚಾಗಿ ನಾನೇ. ಆ ವಾರ ಪುಸ್ತಕ ಮುಚ್ಚಿ ಹೇಳಿದೆ: ಊರ ಹೊರಗೆ ಮುದಿ ಕುದುರೆಗಳ ದೊಡ್ಡಿಯಿದೆ. ಕೆಲಸಕ್ಕೆ ಬಾರದ ಕುದುರೆಗಳನ್ನು ಮೇಲೋಣಿಯವರು ಅಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಸಾಕುತ್ತೇನೆಂದು ಬಂದವರಿಗೆ ದೊಡ್ಡಿಯ ದಾವಲಸಾಬ ಸುಮ್ಮನೆ ಬಿಟ್ಟುಕೊಡುತ್ತಾನೆ. ಇಷ್ಟು ವರ್ಷ ಕೇಳಲು ನಾವು ಹೋಗಿಲ್ಲ, ಅಷ್ಟೇ. ಬಳಗ ಬಾಯಿ ತೆರೆದು ಕೂತಿತು. ಮೇಲೆ ಕೂತು ಮಾತಾಡುವವರು ಯಾರೆಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆಯಾಗಿರಲಿಲ್ಲ ಅದು. ಆ ಬಯಲಿನಲ್ಲಿ ಆಡಬೇಕಾದ ಮಾತುಗಳನ್ನು ನಾನು ಒಲೆಯ ಮುಂದೆ, ಹೊಲದ ಬದುವಿನ ಮೇಲೆ, ಜಂತಿ ನೋಡುತ್ತ ಬಿದ್ದಲ್ಲಿ ಎಷ್ಟೋ ವರ್ಷಗಳಿಂದ ಹೊಂದಿಸುತ್ತ ಬಂದಿದ್ದೆ.

ದೊಡ್ಡಿಗೆ ಹೋದವರು ಓಣಿಯ ಹಿರಿಯ ಸಣ್ಣಹನುಮಪ್ಪ ಕಾಕಾ, ಅತ್ತೆ, ಯಂಕೋಬ, ನಾನು. ಹುಲಿಗೆವ್ವ ಬುತ್ತಿಗಂಟು ಹೊತ್ತು ಹಿಂದೆ ಬಂದಳು.

"ಕುದುರಿ ಯಾರಿಗೆ?" ದಾವಲಸಾಬ ಕೇಳಿದ.

"ಓಣಿಗೆ," ಎಂದ ಕಾಕಾ.

"ಓಣಿ ಕುಂದರೂದಿಲ್ಲಪಾ ಕುದುರಿ ಮ್ಯಾಲ. ಕುಂದರೂದು ಒಂದ ಕುಂಡಿ. ಅದು ಯಾರದು?"

ಎಲ್ಲರೂ ನನ್ನ ಕಡೆ ನೋಡಿದರು. ದಾವಲಸಾಬನೂ ನೋಡಿದ. "ಹಿಂದ ಎಂದರ ಕೂತೀಯೇನವಾ?"

"ಇಲ್ಲ. ಓದೀನಿ."

"ಕುದುರಿ ಓದಿಲ್ಲಲ್ಲ," ಎಂದ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನನ್ನ ಕಣ್ಣು ಆಗಲೇ ಬಿಳಿಯ ಕುದುರೆಯ ಮೇಲೆ ನಿಂತಿತ್ತು. ಮೇಲೋಣಿಯ ಮದುವೆ ಮೆರವಣಿಗೆಗಳಲ್ಲಿ ವರನನ್ನು ಹೊತ್ತ ಕುದುರೆ, ದೊಡ್ಡಿಯಲ್ಲೇ ಎತ್ತರದ್ದು. ಅದರ ಮೇಲೆ ಕೂತರೆ ನನ್ನ ಕಣ್ಣು ಇನಾಮದಾರರ ಕಣ್ಣಿಗೆ ಸಮನಾಗುತ್ತಿತ್ತು. ದಾವಲಸಾಬ ಬೇಡವೆಂದ. "ಅದು ಬಾಜಾ ಕೇಳಿದ್ರ ಕುಣಿತೈತಿ, ಬಾಜಾ ನಿಂತ್ರ ಓಡತೈತಿ. ಹೊಸಬರಿಗೆ ಎತ್ತರ ನೋಡಬಾರದವಾ. ಕುಂದರಾಕ ಬರದಾಕಿಗೆ ನಿಂದರಾಕ ಬರೂ ಕುದುರಿ ಬೇಕು."

ನಾನು ಹತ್ತಿಯೇ ಹತ್ತಿದೆ. ಆ ದಿನ ಅಲ್ಲಿ ಬಾಜಾ ಇರಲಿಲ್ಲ. ಆದ್ದರಿಂದ ಅದು ಓಡಿತು. ಹುಲ್ಲಿನ ಬಣವಿಯ ಹತ್ತಿರ ಅದೊಂದು ಕಡೆ ತಿರುಗಿತು, ನಾನೊಂದು ಕಡೆ ಹೋದೆ.

"ಓದಿದಾಕಿ ಬಣವಿ ಸೇರಿದ್ಲು," ಎಂದು ಅತ್ತೆ ಅಲ್ಲಿಂದಲೇ ಹೇಳಿದ್ದು ಹುಲ್ಲಿನ ಒಳಗಿದ್ದ ನನಗೆ ಕೇಳಿಸಿತು.

ಆಮೇಲೆ ದಾವಲಸಾಬ ಕಸ್ತೂರಿಯನ್ನು ತಂದ. ಕಂದು ಬಣ್ಣದ ಹೆಣ್ಣು ಕುದುರೆ, ಗಿಡ್ಡ, ಹೊಟ್ಟೆ ಸ್ವಲ್ಪ ಜೋತಿತ್ತು, ಒಂದು ಕಣ್ಣಿಗೆ ಪೊರೆ. ನಮ್ಮವರು ಕಂಬಳಿ ಹಾಸಿಕೊಂಡು ಸಾಲಾಗಿ ಕೂತರು. "ನಾಕ ಹೆಜ್ಜಿ ನಡಸಪಾ," ಎಂದ ಕಾಕಾ. ನಡೆಸಿದ. ಅತ್ತೆ ಎದ್ದು ಹಲ್ಲು ನೋಡಿದಳು, ಬಾಲದ ಕೂದಲನ್ನು ಕೈಯಲ್ಲಿ ಹಿಡಿದು ಅಳೆದಳು, ಹಣೆಯ ಸುಳಿ ಮುಟ್ಟಿ ನೋಡಿದಳು. "ಯಾರ ಮನಿದು?" ಎಂದು ಕೇಳಿದಳು. ಇನಾಮದಾರರ ಮನೆಯದು ಎಂದಾಗ "ದೊಡ್ಡ ಮನಿತನ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಆಗ ದಾವಲಸಾಬ "ಹಿರ್ಯಾರಿಗೆ ಸಲಾಂ ಮಾಡು, ಕಸ್ತೂರಿ" ಎಂದ. ಕುದುರೆ ಮುಂಗಾಲು ಎರಡೂ ಮಡಚಿ, ಹಣೆಯನ್ನು ಸಣ್ಣಹನುಮಪ್ಪ ಕಾಕಾನ ಪಾದದ ಹತ್ತಿರ ತಂದು ಇಟ್ಟಿತು.

ಕಾಕಾನ ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಅವನಿಗೆ ಇನಾಮದಾರರ ಮನೆಯ ಕಡೆಯಿಂದ ಒಂದು ನಮಸ್ಕಾರ ಬಂದಿರಲಿಲ್ಲ. ಅತ್ತೆ ಗಲ್ಲಕ್ಕೆ ಕೈ ಹಚ್ಚಿದಳು. "ಎರಡು ಸೊಸಿ ತಂದೀನಿ. ಒಂದೂ ಹಿಂಗ ಬಗ್ಗಿಲ್ಲ ನೋಡು." ಅಲ್ಲಿಗೆ ಕುದುರೆ ನಿಕ್ಕಿಯಾಯಿತು. ಹೆಣ್ಣು ನೋಡಿ ನೋಡಿ ರೂಢಿಯಾದ ಜನ. ಸೊಸೆಯಲ್ಲಿ ಹುಡುಕುವ ಗುಣವನ್ನೇ ಕುದುರೆಯಲ್ಲೂ ಹುಡುಕಿದರು, ಸಿಕ್ಕಿತೆಂದು ಹಿಗ್ಗಿದರು. ಇಷ್ಟು ಚೆನ್ನಾಗಿ ಬಗ್ಗಲು ಅದಕ್ಕೆ ಕಲಿಸಿದವರು ಯಾರು, ಇನ್ನು ಯಾರೆದುರಿಗೆ ಬಗ್ಗೀತು ಎಂದು ಒಬ್ಬರೂ ಕೇಳಲಿಲ್ಲ. ಪ್ರಶ್ನೆ ಕೇಳುವುದನ್ನೇ ವಾರವಾರವೂ ಕಲಿಯುತ್ತಿದ್ದ ಯಂಕೋಬ ಕೇಳಲಿಲ್ಲ. ನಾನು ತಲೆಯಿಂದ ಹುಲ್ಲು ಆರಿಸಿಕೊಳ್ಳುತ್ತಿದ್ದೆ.

ಇನ್ನು ಹತ್ತಿ ತೋರಿಸುವುದು ಉಳಿಯಿತು. ನಾನು ಹತ್ತಿದೆ. ಕಸ್ತೂರಿ ನಿಂತಿತು. ನಡೆ ಎಂದರೂ ನಿಂತಿತು, ಹಿಮ್ಮಡಿ ತಾಗಿಸಿದರೂ ನಿಂತಿತು.

"ನೀ ಲಗಾಮು ಹಿಡಿದೀಯೋ, ವೈರಿ ಕುತಗಿ ಹಿಡಿದೀಯೋ?" ಎಂದ ದಾವಲಸಾಬ. "ಮೈ ಸಡಲ ಬಿಡವಾ."

ಬಿಡಲು ಹೋದಷ್ಟೂ ಬಿಗಿಯಿತು. ಗೋಡೆಗೊರಗಿ ಹಾದಿ ಬಿಡುವಾಗೆಲ್ಲ ಹಲ್ಲು ಕಚ್ಚಿ ಬೆಳೆದ ಮೈ. ಹೇಳಿದ ಕೂಡಲೇ ಸಡಿಲಾಗಲು ಅದೇನು ಹಿಟ್ಟಿನ ಮುದ್ದೆಯೇ? ಅಷ್ಟರಲ್ಲಿ ಹುಲಿಗೆವ್ವ ಯಾವುದಕ್ಕೋ ನಕ್ಕಳು. ಕುದುರೆಯ ಕಿವಿ ಆ ಕಡೆ ತಿರುಗಿತು. ಮುಖ ತಿರುಗಿತು. ಆಮೇಲೆ ನನ್ನನ್ನು ಹೊತ್ತುಕೊಂಡೇ ಅವಳ ಹತ್ತಿರ ಹೋಗಿ ಅವಳ ಬುತ್ತಿಗಂಟಿನಲ್ಲಿ ಮೂತಿ ಇಟ್ಟಿತು.

"ನೀ ಹತ್ತಬೇ ಒಮ್ಮಿ," ಎಂದ ದಾವಲಸಾಬ.

"ಅಯ್ಯ, ನಾ ಯಾಕ?" ಎನ್ನುತ್ತಲೇ ಅವಳು ಸೀರೆ ಕಚ್ಚೆ ಹಾಕಿಕೊಂಡಾಗಿತ್ತು. ಗುಡಿಯ ಕಟ್ಟೆಯ ಮೇಲೆ ಕೂತವಳಂತೆ ಕೂತಳು. ಬುತ್ತಿಗಂಟು ಇನ್ನೂ ಕಂಕುಳಲ್ಲಿತ್ತು. ಕಸ್ತೂರಿ ದೊಡ್ಡಿಯ ಸುತ್ತ ಒಂದು ಸುತ್ತು ಬಂತು, ಹೇಳದೆಯೇ ಇನ್ನೊಂದು ಸುತ್ತು ಹೊರಟಿತು. ನನ್ನ ಹತ್ತಿರ ಬಂದಾಗ ಹುಲಿಗೆವ್ವ ಬಗ್ಗಿ ನೋಡಿ, "ಯಕ್ಕಾ, ಇಲ್ಲಿಂದ ನಿನ್ನ ಬೈತಲಿ ಸೊಟ್ಟ ಕಾಣತೈತಿ," ಎಂದಳು.

ದಾವಲಸಾಬ ತೀರ್ಪು ಕೊಟ್ಟ. "ಮ್ಯಾಲ ಈಕಿ. ಕೆಳಗ ನೀನು. ಹೊಸಬರು ಕೂತಾಗ ಕುದುರಿ ಮೂತಿ ಹಿಡಿಯಾಕ ಒಂದು ಗಟ್ಟಿ ಕೈ ಬೇಕು. ನಿನ್ನ ಕೈ ಗಟ್ಟಿ ಐತಿ, ಅದನ್ನ ನಾ ಒಪ್ಪತೀನಿ." ಅವನು ಹೊಗಳಿದ್ದು. ಹಿಂತಿರುಗುವಾಗ ಇಡೀ ದಾರಿ ನಾನು ಲಗಾಮು ಹಿಡಿದು ಮುಂದೆ ನಡೆದೆ. ಓಣಿಯ ಬಾಯಲ್ಲಿ ಆರತಿ ಹಿಡಿದು ನಿಂತಿದ್ದವರು ಯಾರು ಮೇಲಿದ್ದಾರೆಂದು ನೋಡಿ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಆರತಿಯನ್ನು ಅವಳ ಎತ್ತರಕ್ಕೆ ಎತ್ತಿದರು.

ಕಸ್ತೂರಿಯನ್ನು ನಮ್ಮಿಬ್ಬರ ಬಾಗಿಲುಗಳ ನಡುವೆ ಅಂಗಳದಲ್ಲಿ ಕಟ್ಟಿದೆವು. ಓಣಿಯವರು ಎಮ್ಮೆಗೆ ತರುವಂತೆ ಅದಕ್ಕೆ ಹಿಂಡಿ, ಅಂಬಲಿ, ಹತ್ತಿಕಾಳು ತಂದು ಸುರಿದರು. ಹೊಟ್ಟೆ ಉಬ್ಬಿ ಅದು ಒಂದು ದಿನ ಮಲಗಿತು. ದಾವಲಸಾಬ ಬಂದು ಎಲ್ಲರಿಗೂ ಬೈದು, ಒಣಹುಲ್ಲು ಮತ್ತು ನೆನೆಸಿದ ಹುರುಳಿ ಬಿಟ್ಟು ಬೇರೇನೂ ಕೊಡಬಾರದೆಂದು ಹೇಳಿ ಹೋದ. ನಾನು ಅದಕ್ಕೆ ಯಾರಿಗೂ ಕಾಣದಂತೆ ಬೆಲ್ಲ ತಿನ್ನಿಸುತ್ತಿದ್ದೆ. ಕಸ್ತೂರಿ ನನ್ನ ಅಂಗೈ ಪೂರ್ತಿ ನೆಕ್ಕುತ್ತಿತ್ತು, ಆಮೇಲೆ ಅವಳ ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ನಾನು ಮೈ ತಿಕ್ಕಿದೆ, ಲದ್ದಿ ಬಾಚಿದೆ, ನೀರಿಗೆ ಒಯ್ದೆ. ನನ್ನ ಕೈ ಮೂತಿಗೆ ತಾಗಿದರೆ ಬಂಡೆಯಂತೆ ನಿಲ್ಲುವುದನ್ನೂ ಕಲಿತಿತು. ಹುಲಿಗೆವ್ವ ಊಟ ಮಾಡಿ ಬಂದು ಹತ್ತಿ ಕೂರುತ್ತಿದ್ದಳು.

ಇನ್ನೊಂದು ನಡೆಯಿತು, ಅದನ್ನು ಹೇಳದೆ ಬಿಡಲಾರೆ. ಅವಳು ಕುದುರೆಯ ಮೇಲೆ ಓಣಿಯಲ್ಲಿ ಬರುವಾಗ ನಮ್ಮ ಜನ ಕೂತಲ್ಲಿಂದ ಏಳತೊಡಗಿದರು. ಗೋಡೆಗೊರಗಿ ಹಾದಿ ಬಿಡತೊಡಗಿದರು. ಓಣಿಯಲ್ಲಿ ಎಂದೂ ಯಾರಿಗೂ ಬಹುವಚನ ಕೊಡದ ಸಣ್ಣಹನುಮಪ್ಪ ಕಾಕಾ ಅವಳಿಗೆ "ಬರ್ರಿ ಹುಲಿಗೆವ್ವಾರ" ಎಂದ. ಅವಳಿಗೆ ಅದು ಹಿಡಿಸಿತು, ಬೇಡವೆನ್ನಲಿಲ್ಲ. ನಾನು ಬಳಗದಲ್ಲಿ ಮೇಜು ಗುದ್ದಿ ಮಾತಾಡಿದೆ. ನಾವು ಕುದುರೆ ತಂದದ್ದು ಮೇಲೋಣಿಯನ್ನು ಕೆಳಗೇರಿಯಲ್ಲಿ ಕಟ್ಟಲಿಕ್ಕಲ್ಲ, ಗೋಡೆಗೊರಗುವುದನ್ನು ನಿಲ್ಲಿಸಲಿಕ್ಕೆ ಎಂದೆ. ಎಲ್ಲರೂ ತಲೆದೂಗಿದರು. "ನೀ ಹೇಳೂದು ಖರೇ ಐತಿ, ಕಾಶವ್ವ," ಎಂದ ಯಂಕೋಬ. "ಆದ್ರ ನೀ ಮ್ಯಾಲ ಕೂತಿದ್ರ ಇಷ್ಟು ಖರೇ ಅನಸ್ತಿತ್ತೇನು?" ಅವನ ಕತ್ತರಿಯನ್ನು ತೆಗೆದು ಅವನ ನಾಲಗೆಗೆ ಹಿಡಿಯಬೇಕೆನಿಸಿತು. ನಾನು ಹೇಳಿದ್ದು ಸತ್ಯವೇ ಆಗಿತ್ತು. ಹೊಟ್ಟೆಕಿಚ್ಚಿನಿಂದ ಹೇಳಿದರೆ ಸತ್ಯ ಸುಳ್ಳಾಗುತ್ತದೆಯೇ?

ಮಾತು ಕಲಿಸುವ ಕೆಲಸವೂ ನನ್ನ ಪಾಲಿಗೇ ಬಂತು. ವರ್ಷಗಟ್ಟಲೆ ಹೊಂದಿಸಿದ ಮಾತುಗಳನ್ನು ಅವಳು ಹುಣಸೆಬೀಜ ಜಗಿಯುತ್ತ ಒಮ್ಮೆ ಕೇಳಿ ಹಾಗೇ ಒಪ್ಪಿಸಿಬಿಟ್ಟಳು. ಒಂದೂ ತಪ್ಪಲಿಲ್ಲ. ತಪ್ಪಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

"ಮಾತು ಬಂತು ಬಿಡು ಯಕ್ಕಾ. ಹಸರು ಕುಪ್ಪಸ ಇನ್ನೂ ಹೊಲದಿಲ್ಲ ಆ ಯಂಕೋಬ. ಮ್ಯಾಲ ಕೂತಾಗ ಮಂದಿಗೆ ಕಾಣೂದು ತೋಳ ಅಲ್ಲೇನು?"

"ಮಂದಿಗೆ ಕೇಳೂದು ಮುಖ್ಯ. ಕಾಣೂದಲ್ಲ."

"ಕಾಣದಿದ್ದಾಕಿ ಮಾತು ಯಾರು ಕೇಳತಾರ?" ಎಂದು ಬೀಜ ಉಗುಳಿದಳು.

ಒಂದು ಮಾತನ್ನು ಮಾತ್ರ ನಾನು ಕೊಟ್ಟಿರಲಿಲ್ಲ. ಕೊನೆಯ ಮಾತು. 'ಬದುಕಿದ್ದಾಗ ನಿಮ್ಮ ಕುದುರೆ ಬಂದಾಗೆಲ್ಲ ಎದ್ದು ಹಾದಿ ಬಿಟ್ಟವರು ಅವರು. ಸತ್ತ ಮೇಲೂ ಏಳಬೇಕೇನು?' ಇದನ್ನು ಮೊದಲ ಸಭೆಯಾದ ವಾರವೇ ನನ್ನ ತಾಯಿಯನ್ನು ಅದೇ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ ಬಂದ ದಿನ ನಾನು ಹೊಂದಿಸಿದ್ದು, ಬಳಗಕ್ಕೂ ಹೇಳಿರಲಿಲ್ಲ. ಸಭೆಯ ದಿನ ಬೆಳಗ್ಗೆ ಜೀನು ಬಿಗಿಯುತ್ತಿದ್ದಾಗ ಹುಲಿಗೆವ್ವ ಹಸಿರು ಕುಪ್ಪಸ ತೊಟ್ಟು ಬಂದು, "ಯಕ್ಕಾ, ಇದು ಮುಗದಂಗ ಅನಸವಲ್ದು. ಕಡೀಕ ಏನರ ಒಂದು ಬೇಕು," ಎಂದಳು. ಇಲ್ಲ ಎನ್ನಬಹುದಿತ್ತು. ಸುಡುಗಾಡಿನ ನೆನಪಾಯಿತು. ಹಲ್ಲು ಕಚ್ಚಿ ಹೇಳಿದೆ.

ಅವಳು ಬೀಜ ಜಗಿಯುವುದನ್ನು ನಿಲ್ಲಿಸಿದಳು. "ಇದು ನೀ ಮಾಡಿದ ಮಾತಾ?"

"ಹ್ಞೂಂ."

"ಛಲೋ ಐತಿ. ನನಗ ಒಪ್ಪತೈತಿ," ಎಂದಳು, ಸೀರೆಯೊಂದನ್ನು ಹೆಗಲ ಮೇಲೆ ಹಿಡಿದು ನೋಡಿದವಳಂತೆ.

ಬಯಲಿನಲ್ಲಿ ಮೇಲೋಣಿಯ ಕುದುರೆಗಳು ಸಾಲಾಗಿ ನಿಂತಿದ್ದವು. ಕಲ್ಲುಸಾಲು ದಾಟಿದ ಕೂಡಲೇ ನನ್ನ ಬಳೆಯ ಸದ್ದು, ಹೆಜ್ಜೆಯ ಸದ್ದು, ಉಸಿರಿನ ಸದ್ದು ನಿಂತವು. ಹಿಂದೆ ಬರುತ್ತಿದ್ದ ಇಡೀ ಓಣಿ ಗಪ್ಪಾಯಿತು. ಕಸ್ತೂರಿಯ ಗೊರಸು ಮಾತ್ರ ಕೇಳುತ್ತಿತ್ತು. ಅಷ್ಟರಲ್ಲಿ ಹುಲಿಗೆವ್ವ ಕೆಮ್ಮಿದಳು. ಬೀಜದ ಸಿಪ್ಪೆ ಗಂಟಲಿಗೆ ಸಿಕ್ಕಿರಬೇಕು. ಕೆಳಗೇರಿಯ ಕೆಮ್ಮೊಂದು ಆ ಬಯಲಿನಲ್ಲಿ ಕೇಳಿಸಿದ್ದು ಅದೇ ಮೊದಲು. ನಮ್ಮವರು ಒಬ್ಬರ ಕೈ ಒಬ್ಬರು ಹಿಡಿದರು. ಮುದುಕಿಯೊಬ್ಬಳು ಅತ್ತಳು, ದನಿಯಿಲ್ಲದೆ. ಆ ಕೆಮ್ಮು ನನ್ನದಾಗಬೇಕಿತ್ತು ಎಂದು ನಾನು ಅಂದುಕೊಂಡೆ.

"ಹಳ್ಳದ ದಂಡಿ ಜಾಗಾದ ವಿಷಯ. ಮೂರನೇ ಸಲ ಕೇಳಾಕತ್ತೀನಿ," ಎಂದರು ಇನಾಮದಾರರು. ಕುದುರೆ ಬಂದದ್ದನ್ನು ಅವರು ನೋಡಿದ್ದರು, ನೋಡದವರಂತೆ ಮುಂದುವರಿದರು. "ಯಾರದರ ತಕರಾರು ಐತೇನು?"

"ಐತ್ರಿ," ಎಂದಳು ಹುಲಿಗೆವ್ವ.

ಸಾಲಿನಲ್ಲಿದ್ದ ಕುದುರೆಗಳು ಕಿವಿ ನಿಮಿರಿಸಿದವು. ಅವಳು ಮಾತಾಡಿದಳು. ನನ್ನ ಮಾತುಗಳು ಒಂದೊಂದಾಗಿ ಅವಳ ಬಾಯಿಂದ ಹೊರಬಿದ್ದು ಬಯಲಿನ ಆ ತುದಿಯವರೆಗೆ ಹೋಗಿ ಚಾವಡಿಯ ಗೋಡೆಗೆ ತಾಗಿ ಮರಳಿ ಬರುತ್ತಿದ್ದವು. ಅಷ್ಟು ಚೆಂದ ಇರುತ್ತವೆಂದು ನನಗೂ ಗೊತ್ತಿರಲಿಲ್ಲ. ನಾನು ಕೆಳಗೆ ಕುದುರೆಯ ಮೂತಿ ಹಿಡಿದು ನಿಂತು ಅವಳ ಜೊತೆಜೊತೆಗೇ ತುಟಿ ಆಡಿಸುತ್ತಿದ್ದೆ. ಮೇಲೋಣಿಯವರು ನೋಡುತ್ತಿದ್ದದ್ದು ಅವಳನ್ನು. ಕೆಳಗೇರಿಯವರು ನೋಡುತ್ತಿದ್ದದ್ದೂ ಅವಳನ್ನು.

"ಬದುಕಿದ್ದಾಗ ನಿಮ್ಮ ಕುದುರಿ ಬಂದಾಗೆಲ್ಲ ಎದ್ದು ಹಾದಿ ಬಿಟ್ಟವರ್ರಿ ಅವರು," ಎಂದು ಅವಳು ಕೊನೆಯ ಮಾತಿಗೆ ಬಂದಳು. "ಸತ್ತ ಮ್ಯಾಲೂ..."

"ಇದು ನಮ್ಮ ಕಸ್ತೂರಿ ಅಲ್ಲೇನು?" ಇನಾಮದಾರರು ನಗುತ್ತ ನಡುವೆ ಬಾಯಿ ಹಾಕಿದರು. "ಏನ ಮುದುಕಿ, ಧಣೀನ್ನ ಮರತೇನು? ಸಲಾಂ ಮಾಡು, ಕಸ್ತೂರಿ."

ಕುದುರೆಯ ಮುಂಗಾಲುಗಳು ನನ್ನ ಕಣ್ಣೆದುರಿಗೇ ಮಡಚತೊಡಗಿದವು. ಮೊಳಕಾಲು ನೆಲಕ್ಕೂರಿತು. ಜೀನು ಮುಂದಕ್ಕೆ ವಾಲಿತು, ಹುಲಿಗೆವ್ವ ಕುತ್ತಿಗೆಯ ಮೇಲೆ ಜಾರಿದಳು, ಅವಳ ಕಾಲಿನ ಹೆಬ್ಬೆರಳು ನೆಲಕ್ಕೆ ತಾಗಿತು. ಅವಳ ದನಿ ಅಲ್ಲಿಗೆ ಕಡಿಯಿತು. ಬಾಯಿ ತೆರೆದೇ ಇತ್ತು. ಅವಳು ಕಾಲು ಮೇಲೆತ್ತಿಕೊಂಡಾಗ "...ಮ್ಯಾಲೂ..." ಎಂಬ ಚೂರೊಂದು ಕೇಳಿತು, ಮತ್ತೆ ಕಾಲು ತಾಗಿತು, ಮತ್ತೆ ಕಡಿಯಿತು. ಮೇಲೋಣಿಯ ಸಾಲಿನಲ್ಲಿ ನಗೆ ಹಬ್ಬಿತು. ಕುದುರೆ ಮೇಲಿನ ನಗೆ, ಎಲ್ಲರಿಗೂ ಚೆನ್ನಾಗಿ ಕೇಳಿಸಿತು.

ಬೀಳಲಿ ಎಂದುಕೊಂಡೆ. ಅದಕ್ಕಾಗಿ ನಾನು ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು. ಅವಳು ಬೀಳುತ್ತಾಳೆ, ಹಸಿರು ಕುಪ್ಪಸಕ್ಕೆ ಮಣ್ಣಾಗುತ್ತದೆ, ನಾಳೆಯಿಂದ ಅವಳಿಗೆ ಯಾರೂ 'ಬರ್ರಿ' ಎನ್ನುವುದಿಲ್ಲ. ಅವಳ ಮುಖ ನನ್ನ ಮುಖದ ಮಟ್ಟಕ್ಕೇ ಬಂದಿತ್ತು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ನೋಡಿ ನನಗೆ ತಂಪೆನಿಸಿತು. ಆದರೆ ಅವಳ ಬಾಯಲ್ಲಿ ಅರ್ಧಕ್ಕೆ ನಿಂತಿದ್ದ ಮಾತು ನನ್ನದು. ನನ್ನ ತಾಯಿಯ ಮಣ್ಣು ಕೈಯಿಂದ ತೊಳೆದುಕೊಳ್ಳುವ ಮೊದಲೇ ಹೊಂದಿಸಿದ ಮಾತು. ಅದನ್ನು ಇಡೀ ಊರು ಅರ್ಧ ಕೇಳಿ, ನಕ್ಕು ಮನೆಗೆ ಹೋಗುವುದನ್ನು ನಾನು ಹೇಗೆ ತಡೆದುಕೊಳ್ಳಲಿ? ಅವಳು ಬಿದ್ದರೆ ಬೀಳಲಿ, ಅದು ಬೀಳಬಾರದು.

ಕುದುರೆಯ ಎದೆಯ ಕೆಳಗೆ ಹೆಗಲು ಕೊಟ್ಟು ಎತ್ತಿದೆ. ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಒತ್ತಿದೆ. ಏಳು ಎಂದು ಕೂಗಿದೆ, ದನಿ ಇರಲಿಲ್ಲ. ಇನಾಮದಾರರು ಮತ್ತೆ "ಸಲಾಂ" ಎಂದರು. ಕಸ್ತೂರಿಯ ಪೊರೆಯಿಲ್ಲದ ಕಣ್ಣು ನನ್ನನ್ನೇ ನೋಡುತ್ತಿತ್ತು. ಆ ಮೈ ಒಮ್ಮೆ ಅತ್ತ ಜಗ್ಗಿತು, ಒಮ್ಮೆ ಇತ್ತ. ದಿನವೂ ಮೈ ತಿಕ್ಕಿದ ಕೈ ಮೂತಿಯ ಮೇಲಿತ್ತು. ಆ ಕೈ ಇದ್ದಾಗ ನಿಲ್ಲಬೇಕೆಂದು ಅದು ಕಲಿತಿತ್ತು. ನನ್ನ ಹೆಗಲಲ್ಲಿ ಏನೋ ಕಳಚಿದಂತಾಯಿತು. ಕುದುರೆ ಎದ್ದಿತು.

"...ಏಳಬೇಕೇನ್ರಿ?" ಎಂದಳು ಹುಲಿಗೆವ್ವ.

ಆಮೇಲೆ ಬಯಲಿನಲ್ಲಿ ಕುದುರೆ ಮೇಲಿದ್ದವರೂ ಸುಮ್ಮನಾದರು. ಇನಾಮದಾರರು ತಮ್ಮ ಕುದುರೆಯ ಜುಟ್ಟನ್ನು ಎರಡು ಮೂರು ಸಲ ಸವರಿದರು. "ತಕರಾರು ಬಂತು," ಎಂದರು ಕೊನೆಗೆ. ಆ ಎರಡು ಶಬ್ದ ಅವರ ಬಾಯಿಂದ ಬರಲು ಊರು ಹುಟ್ಟಿದಾಗಿನಿಂದ ಹಿಡಿದಿತ್ತು. "ಮುಂದಿನ ಹುಣ್ಣಿವಿ ತನಕ ಜಾಗಾ ಹಂಗ ಇರಲಿ. ಅವತ್ತು ಯಾವ ಕಡೆ ಎಷ್ಟು ಕುದುರಿ ನಿಂದರತಾವ ಅಂತ ಎಣಿಸಿ ನಿಕ್ಕಿ ಮಾಡೂಣು." ತಮ್ಮ ಸಾಲನ್ನು ಒಮ್ಮೆ, ನಮ್ಮ ಒಂದೇ ಒಂದು ಕುದುರೆಯನ್ನು ಒಮ್ಮೆ ನೋಡಿ ನಕ್ಕರು.

ಕಲ್ಲುಸಾಲು ದಾಟಿ ಹೊರಬಿದ್ದ ಕೂಡಲೇ ಓಣಿಯವರ ಗದ್ದಲ ಮುಗಿಲು ಮುಟ್ಟಿತು. ಹುಲಿಗೆವ್ವನಿಗೆ ಜೈ ಅಂದರು. ಅವಳ ಪಾದ ಮುಟ್ಟಿದರು. 'ಸತ್ತ ಮ್ಯಾಲೂ ಏಳಬೇಕೇನ್ರಿ' ಎಂದು ಹುಡುಗರು ಹೆಂಗಸರು ಎಲ್ಲ ಹಾಡಿನಂತೆ ಹೇಳುತ್ತ ನಡೆದರು. "ಎಂಥಾ ಮಾತಂದ್ರಿ ಹುಲಿಗೆವ್ವಾರ," ಎಂದ ಕಾಕಾ, ಮತ್ತು ಅವಳು ಅಲ್ಲ ಎನ್ನಲಿಲ್ಲ. ನಾನು ಒಂದೇ ಕೈಯಲ್ಲಿ ಲಗಾಮು ಹಿಡಿದು ನಡೆದೆ, ಇನ್ನೊಂದು ಕೈ ಏಳುತ್ತಿರಲಿಲ್ಲ.

ಅಂಗಳದಲ್ಲಿ ಇಳಿದ ಮೇಲೆ ಅವಳು ಹರಳೆಣ್ಣೆ ಬಿಸಿ ಮಾಡಿ ತಂದು ನನ್ನ ಹೆಗಲು ತಿಕ್ಕಿದಳು. "ಯಕ್ಕಾ, ಕಾಲು ತಾಗಿದಾಗ ನಂಗ ನಂದ ದನಿ ಕೇಳಲಿಲ್ಲ. ಸತ್ತೆ ಅನಕೊಂಡೆ. ನೀ ಕೆಳಗ ಏನೋ ಒದರಾಕತ್ತಿದ್ದಿ. ಏನದು, ಅದ ಮಾತೋ, ನನ್ನ ಬೈಯಾಕತ್ತಿದ್ದ್ಯೋ?"

"ಎರಡೂ," ಎಂದೆ.

ಅವಳು ನಕ್ಕಳು, ಹೆಗಲನ್ನು ಬೇಕೆಂದೇ ಸ್ವಲ್ಪ ಜೋರಾಗಿ ಒತ್ತಿದಳು.

ಮರುದಿನ ಮಬ್ಬು ಹರಿಯುವ ಮೊದಲೇ ನಾನು ದೊಡ್ಡಿಯ ಹಾದಿ ಹಿಡಿದೆ. ಮುಂದಿನ ಸಭೆಗೆ ಓಣಿಗೆ ಇನ್ನೂ ಕುದುರೆಗಳು ಬೇಕು ಎನ್ನುವುದು ಯಾರಿಗಾದರೂ ಹೊಳೆಯುವ ಮಾತು, ಯಾರಾದರೂ ಕೇಳಿದರೆ ಹಾಗೇ ಹೇಳುವವಳಿದ್ದೆ. ನನ್ನ ಎದೆಯೊಳಗಿದ್ದದ್ದು ಬೇರೆ. ನನಗೊಂದು ಬೇಕು, ನನ್ನದೇ ಆದದ್ದು, ಅವಳದಕ್ಕಿಂತ ಒಂದು ಗೇಣಾದರೂ ಎತ್ತರದ್ದು. ಮೈ ಸಡಿಲ ಬಿಡುವುದನ್ನು ಆಮೇಲೆ ಕಲಿತರಾಯಿತು.

ದೊಡ್ಡಿಯ ಗೇಟಿನ ಮುಂದೆ ಆಗಲೇ ಜನ. ಯಂಕೋಬ ಇದ್ದ, ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದ. ನಿನ್ನೆ ಅವಳ ಪಾದ ಮುಟ್ಟಿದವರಲ್ಲಿ ಬಹಳಷ್ಟು ಮಂದಿ ಇದ್ದರು. ಸಣ್ಣಹನುಮಪ್ಪ ಕಾಕಾ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಎಲ್ಲರಿಗಿಂತ ಮುಂದೆ, ಗೇಟಿನ ಅಗಳಿಗೇ ಬೆನ್ನು ಹಚ್ಚಿ, ಕಂಬಳಿ ಹೊದ್ದು ಕೂತಿದ್ದವಳು ನನ್ನ ಅತ್ತೆ.

"ನೀ ಯಾಕ ಬಂದಿ ಅತ್ತಿ?"

"ನೀ ಯಾಕ ಬಂದಿ?"

ನನ್ನ ಕಣ್ಣು ಗೇಟಿನಾಚೆ ಬಿಳಿಯ ಕುದುರೆಯನ್ನು ಹುಡುಕುತ್ತಿತ್ತು.

"ಅದಕ್ಕ ನಾನೂ ಬಂದೀನಿ," ಎಂದಳು ತಿಪ್ಪವ್ವ. "ನಿನ್ನೆ ಆಕಿ ಮ್ಯಾಲಿಂದ ನನಗ 'ಅತ್ತಿ, ಸ್ವಲ್ಪ ಸರದು ನಿಂದ್ರು' ಅಂದ್ಲು. ನನಗ. ಇಷ್ಟು ವರ್ಷ ಇನಾಮದಾರ ಸರಿ ಅಂದ್ರ ಸರದೆ, ಅದು ಹೊಟ್ಟ್ಯಾಗ ಇಷ್ಟು ಉರಿಲಿಲ್ಲ ನೋಡು."

ಒಳಗಿನಿಂದ ದಾವಲಸಾಬ ಕೆಮ್ಮುತ್ತ ಬಂದು ಗೇಟಿನ ಸಂದಿಯಿಂದ ಇಣುಕಿದ. ಸಾಲು ನೋಡಿ ಕಣ್ಣು ತಿಕ್ಕಿಕೊಂಡ. "ಹೊಸಬರು ಯಾರದೀರಿ ಇದರಾಗ?" ಎಂದು ಕೇಳಿದ. ಎಲ್ಲರೂ ಕೈ ಎತ್ತಿದರು. ಅವನು ಅಗಳಿ ತೆಗೆದ. ಅತ್ತೆ ಮಂಡಿ ಹಿಡಿದು ಎದ್ದು, ಸೆರಗು ಸೊಂಟಕ್ಕೆ ಬಿಗಿದು ಒಳಗೆ ಹೋದಳು. ಹಿಂದಿದ್ದವರೆಲ್ಲ ಒಬ್ಬರ ಹೆಗಲ ಮೇಲಿಂದ ಒಬ್ಬರು ಕತ್ತು ಚಾಚಿ, ಮುದುಕಿಗೆ ಯಾವ ಕುದುರೆ ಸಿಗುತ್ತದೆಂದು ನೋಡತೊಡಗಿದರು. ನಾನು ಅವಳ ಬೆನ್ನಿಗೇ ಎರಡನೆಯವಳಾಗಿ ನಿಂತಿದ್ದೆ. ಅವಳು ನನಗಿಂತ ಮೊದಲು ಎದ್ದು ಬಂದದ್ದಕ್ಕೆ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.